ಕ್ಲಚ್ಚಿಲ್ಲದ ಗಾಡಿ

ಭಾವುಸಾಹೇಬರು ಗ್ಯಾರೇಜಿನ ತಗಡಿನ ಬಾಗಿಲಿಗೆ ಕೋಲಿನಿಂದ ಎರಡೇಟು ಬಡಿದರು. ಮೆಕ್ಯಾನಿಕ್ ರಾಜಾರಾಮ ಜೀಪೊಂದರ ಕೆಳಗಿನಿಂದ ತಲೆ ಹೊರಗೆ ಹಾಕಿದ.

"ಬರ್ರಿ ಕಾಕಾ. ಗೇರ್‌ಬಾಕ್ಸ್ ಇನ್ನೂ ಬಂದಿಲ್ರಿ."

"ನಾ ಇನ್ನೂ ಬಾಯೇ ತಗದಿಲ್ಲಲ್ಲೋ."

"ತಗೀತಿದ್ರಲ್ರಿ."

ಗಾಡಿ ಇಲ್ಲಿ ಬಿಟ್ಟು ಇದು ಹದಿನೇಳನೇ ದಿನ. ಅವರ ಬಿಳಿ ಕಾರು ತಾಡಪತ್ರಿ ಹೊದ್ದು ಮೂಲೆಯಲ್ಲಿತ್ತು, ಮೊದಲ ದಿನ ಎಲ್ಲಿ ನಿಂತಿತ್ತೋ ಅಲ್ಲೇ. ಭಾವುಸಾಹೇಬರಿಗೆ ಮೈಯೆಲ್ಲ ಉರಿಯಿತು.

ಎಡಮಂಡಿಯ ಆಪರೇಶನ್ ಆಗಿ ನಾಲ್ಕು ತಿಂಗಳಾಗಿತ್ತು. ಹೊಸ ಮಂಡಿ ಹಾಕಿದ್ದರೂ ಕಾಲು ಸರಿಯಾಗಿ ಮಡಚುತ್ತಿರಲಿಲ್ಲ. ಕ್ಲಚ್ ಒತ್ತಲು ಹೋದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಕ್ಲಚ್ ಇಲ್ಲವೆಂದರೆ ಗಾಡಿ ಇಲ್ಲ, ಗಾಡಿ ಇಲ್ಲವೆಂದರೆ ಅಕ್ಕೋಳದ ಹೊಲ ಇಲ್ಲ. ಮೂವತ್ತು ವರ್ಷ ನಿಪ್ಪಾಣಿಯಿಂದ ದಿನಾ ಬೆಳಿಗ್ಗೆ ತಾವೇ ಗಾಡಿ ಹೊಡೆದುಕೊಂಡು ಹೋಗಿ ಕಬ್ಬಿನ ಬದುವಿನಲ್ಲಿ ನಿಂತು ಬಂದ ಮನುಷ್ಯ ಈಗ ಮಗ ಸುಹಾಸನಿಗೆ ಪುರುಸೊತ್ತಾಗುವುದನ್ನು ಕಾಯಬೇಕಿತ್ತು. ಸಿಕ್ಕಿದ ದಿನ ಅವನ ಪಕ್ಕ ಮೂಟೆಯ ಹಾಗೆ ಕೂತು ಹೋಗಬೇಕಿತ್ತು. ಅದು ಅವರಿಗೆ ಸಾಕುಸಾಕಾಗಿತ್ತು.

ದಿನಾ ಚೆನ್ನಾಗಿ ನಡೆಯದಿದ್ದರೆ ಕಾಲು ಹಾಗೇ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಹೆಂಡತಿ ಸೋನಾಬಾಯಿ ಮೂರು ತಿಂಗಳು ಅದನ್ನೇ ಜಪಿಸಿದರು.

"ಗಾಡಿ ಬಿಟ್ಟ ನಡಿಯಾಕ ನಾ ಏನ ಮುನಿ ಮಹಾರಾಜನೇನ?" ಎಂದು ಭಾವುಸಾಹೇಬರು ಮಗ್ಗುಲು ಬದಲಿಸಿ ಮಲಗಿದ್ದರು.

ಆಟೋಮ್ಯಾಟಿಕ್ ಕಾರು ಕೊಂಡುಬಿಡೋಣ, ಅದಕ್ಕೆ ಕ್ಲಚ್ಚೇ ಇರುವುದಿಲ್ಲ ಎಂದ ಸುಹಾಸ. ಅದಕ್ಕೆ ವ್ರತ ಅಡ್ಡ ಬಂತು. ಎಂಟು ವರ್ಷದ ಹಿಂದೆ ಚಾತುರ್ಮಾಸಕ್ಕೆ ಬಂದ ಜೈನ ಮುನಿಗಳ ಮುಂದೆ ಭಾವುಸಾಹೇಬರು ಪರಿಗ್ರಹ ಪರಿಮಾಣದ ವ್ರತ ತೊಟ್ಟಿದ್ದರು: ಇಷ್ಟೇ ಹೊಲ, ಇಷ್ಟೇ ಬಂಗಾರ, ಜೀವ ಇರುವ ತನಕ ಇದೊಂದೇ ಗಾಡಿ. ಮಗನ ಹೆಸರಿನಲ್ಲಿ ಕೊಂಡರೆ?

"ಹೆಸರ ನಿಂದು, ಹೊಡಿಯಾವ ನಾನು. ಮುನಿಗಳಿಗೆ ಟೋಪಿ ಹಾಕಲೇನ?"

ಕೊನೆಗೆ ದಾರಿ ತೋರಿಸಿದ್ದು ಸೋನಾಬಾಯಿ. ಗಾಡಿ ಅದೇ ಇರಲಿ, ಒಳಗಿನ ಗೇರ್‌ಬಾಕ್ಸ್ ತೆಗೆದು ಆಟೋಮ್ಯಾಟಿಕ್ ಕೂರಿಸಿದರೆ ವ್ರತಕ್ಕೇನು ಭಂಗ? ರಾಜಾರಾಮ ಅಂಥ ಕೆಲಸ ಮಾಡುತ್ತಾನಂತೆ. ಹತ್ತಿರದಲ್ಲೇ ನಾಲ್ಕು ಗ್ಯಾರೇಜುಗಳಿದ್ದವು, ರಾಜಾರಾಮನದು ಊರಿನ ಆ ತುದಿಗೆ. ಸಾಲದ್ದಕ್ಕೆ ಗಟಾರಿಗೆಂದು ರಸ್ತೆ ಅಗೆದಿದ್ದರಿಂದ ರಿಕ್ಷಾದವರು ಆ ಕಡೆ ಬರಲು ಒಪ್ಪುತ್ತಿರಲಿಲ್ಲ.

ಫೋನು ಮಾಡಿದರೆ ಅವನದು ಒಂದೇ ಪಾಠ: "ಫೋನಿನ್ಯಾಗ ತಿಳಿಯಂಗಿಲ್ರಿ ಕಾಕಾ, ನೀವ ಬರ್ರಿ." ಹೋದರೆ, ಗೇರ್‌ಬಾಕ್ಸ್ ಪುಣೆಯಿಂದ ಹೊರಟಿದೆ. ಮರುದಿನ, ಬಂದದ್ದು ಬೇರೆ ಮಾಡೆಲ್ಲಿನದು. ಆಮೇಲೆ ಆರ್‌ಸಿ ಪುಸ್ತಕದ ಝೆರಾಕ್ಸ್ ಬೇಕು. ಒಯ್ದು ಕೊಟ್ಟರೆ, "ಅಯ್ಯ, ಒರಿಜಿನಲ್ ತರಲಿಲ್ಲೇನ್ರಿ?"

ಮೊದಲ ವಾರ ಭಾವುಸಾಹೇಬರು ದಾರಿಯಲ್ಲಿ ಮೂರು ಕಡೆ ಕೂತು ಏದುಸಿರು ಬಿಡುತ್ತಿದ್ದರು. ಆಮೇಲೆ ಒಂದೇ ಕಡೆ, ದರ್ಜಿಯ ಅಂಗಡಿಯ ಕಟ್ಟೆಯ ಮೇಲೆ. ತಿಂಗಳಾಗುವ ಹೊತ್ತಿಗೆ ಎಲ್ಲಿಯೂ ಕೂರಲು ಮನಸ್ಸಿರಲಿಲ್ಲ. ದಾರಿಯುದ್ದಕ್ಕೂ ರಾಜಾರಾಮನಿಗೆ ಏನೇನು ಬೈಯಬೇಕೆಂದು ಜೋಡಿಸಿಕೊಳ್ಳುತ್ತಿದ್ದರು. ಎದುರಾದವರು ನಮಸ್ಕಾರ ಮಾಡಿದರೆ ಅವರಿಗೂ ಗುರ್ರೆನ್ನುತ್ತಿದ್ದರು.

ಮನೆಯಲ್ಲಿ ಸೋನಾಬಾಯಿ ಮಾತ್ರ ಅವರ ಪಕ್ಷ. "ಬಿಡಬ್ಯಾಡ್ರಿ ಅವನ್ನ. ನಾಳೆ ಮತ್ತ ಹೋಗ್ರಿ," ಎನ್ನುತ್ತಿದ್ದರು. ಕಾಲಿನ ಜಪವನ್ನು ಪೂರ್ತಿ ಬಿಟ್ಟಿದ್ದರು. ಅದೊಂದಾದರೂ ತಪ್ಪಿತಲ್ಲ ಎಂದು ಭಾವುಸಾಹೇಬರಿಗೆ ಸಮಾಧಾನ.

ನಲವತ್ತೊಂದನೇ ದಿನ ಅವರ ತಾಳ್ಮೆ ಕೆಟ್ಟಿತು. ಹಿಂದಿನ ದಿನ ಸಿಟ್ಟಿನ ಭರದಲ್ಲಿ ಕೋಲನ್ನು ಗ್ಯಾರೇಜಿನಲ್ಲೇ ಬಿಟ್ಟು ಬಂದಿದ್ದರು. ಅದರ ನೆನಪೂ ಇಲ್ಲದೆ ದಾಪುಗಾಲು ಹಾಕುತ್ತ ಬಂದು ನಿಂತರು.

"ನನ್ನ ಗಾಡಿ ಕೊಡು. ಆಗಿದ್ರ ಆತು, ಇಲ್ಲಂದ್ರ ಹಂಗ ಎಳಕೊಂಡ ಹೋಗತೀನಿ. ನಿನ್ನ ಮಾರಿ ನೋಡಿ ನೋಡಿ ಸಾಕಾಗೇತಿ."

ರಾಜಾರಾಮ ಅವರ ಮುಖ ನೋಡಲಿಲ್ಲ, ಕಾಲು ನೋಡಿದ. ಕೈ ಒರೆಸಿಕೊಂಡು ಕೀಲಿ ತಂದ.

"ಕೆಲಸ ಆಗೈತ್ರಿ ಕಾಕಾ. ತಗೊಂಡ ಹೋಗ್ರಿ."

"ಆಗೈತಿ ಅಂತ ಹೇಳಾಕ ಇಷ್ಟ ದಿನಾ ಬೇಕಾತೇನ?"

"ಇವತ್ತ ಆತ್ರಿ. ಹೆಂಗ ಹೊಡಿಯೂದು ತೋರಸ್ಲೇನ್ರಿ?"

"ನನಗ ತೋರಸ್ತಿ? ನೀ ಚಡ್ಡಿ ಹಾಕ್ಕೊಳ್ಳೂದು ಕಲಿಯಾಕಿಂತ ಮೊದಲ ನಾ ಗಾಡಿ ಹೊಡದಾವ."

ತಾಡಪತ್ರಿ ಸರಿಸಿದ್ದೇ ತಡ, ಒಳಗೆ ಕೂತು ಬಾಗಿಲು ಬಡಿದುಕೊಂಡರು. ಕಿಟಕಿಯಿಂದ ತಲೆ ಹೊರಗೆ ಹಾಕಿ ಬೈಯುತ್ತಲೇ ಗಾಡಿ ಹಿಂದಕ್ಕೆ ತೆಗೆದರು. ಹಾರ್ನ್ ಹೊಡೆಯುತ್ತಿದ್ದ ಟ್ರ್ಯಾಕ್ಟರಿನವನಿಗೂ ಎರಡು ಮಾತು ಅಂದು, ಗಟಾರಿನ ಗುಂಡಿ ಬಳಸಿ, ನೇರ ಅಕ್ಕೋಳದ ದಾರಿ ಹಿಡಿದರು. ದಾರಿಯುದ್ದಕ್ಕೂ ಅವರ ಬಾಯಿ ನಿಲ್ಲಲಿಲ್ಲ. ನಲವತ್ತೊಂದು ದಿನದ ಲೆಕ್ಕವನ್ನು ಒಂದೊಂದಾಗಿ ಒದರುತ್ತಿದ್ದರು.

ಹೊಲದ ಬದುವಿಗೆ ಬಂದಾಗ ಕಬ್ಬು ಆಳೆತ್ತರ ನಿಂತಿತ್ತು. ಭಾವುಸಾಹೇಬರು ಎಂಜಿನ್ ಬಂದ್ ಮಾಡುವಷ್ಟೂ ತಾಳ್ಮೆಯಿಲ್ಲದೆ, ನಿಂತ ಗಾಡಿಯಲ್ಲೇ ಸೋನಾಬಾಯಿಗೆ ಫೋನು ಹಚ್ಚಿದರು.

"ಹೊಲಕ್ಕ ಬಂದೀನಿ. ನಾ ಒಬ್ಬನ."

"ಕಾಲ ನೋವಾತೇನ್ರಿ?"

"ಕಾಲಿಗೆಲ್ಲಿ ಕೆಲಸ ಐತಿ? ಆಟೋಮ್ಯಾಟಿಕ್ ಗಾಡಿ ಇದು."

ಆ ಕಡೆಯಿಂದ ಸೋನಾಬಾಯಿಯ ದನಿ ಬಂತು, ಅಳುವೋ ನಗುವೋ ತಿಳಿಯದ ಹಾಗೆ.

"ರಾಜಾರಾಮ ನಿಮ್ಮ ಗಾಡಿ ಮುಟ್ಟೇ ಇಲ್ರಿ. ದಿನಾ ಏನರೆ ಹೇಳಿ ಅವರನ್ನ ನಡಸಪಾ ಅಂತ ನಾನ ಹೇಳಿದ್ದೆ. ಈಗ ನಿಮ್ಮ ಎಡಗಾಲ ಎಲ್ಲೈತಿ, ಒಂದೀಟ ನೋಡ್ರಿ."

ಭಾವುಸಾಹೇಬರು ಬಗ್ಗಿ ನೋಡಿದರು: ಎಡಗಾಲು ಕ್ಲಚ್ಚನ್ನು ಪೂರ್ತಿ ಒತ್ತಿ ಹಿಡಿದಿತ್ತು.