ನೇತಾಡಿದ ಹಗ್ಗ

ಬಂಡೆ ಹತ್ತುವವರ ಹಗ್ಗ, ಡೇರೆ, ಬೂಟು ಮಾರುವ ಈ ಅಂಗಡಿಯನ್ನು ಕಟ್ಟಿದವನು ನನ್ನ ಅವಳಿ ತಮ್ಮ ಶಿವಪುತ್ರ. ಹೊಸ ಹಗ್ಗ ಬಂದರೆ ಊರ ಹಿಂದಿನ ಬಂಡೆಗೆ ಕಟ್ಟಿ, ಒಬ್ಬರು ಅದರಲ್ಲಿ ನೇತಾಡಿ ನೋಡಿದ ಮೇಲೆಯೇ ಮಾರಬೇಕು ಎಂಬುದು ಅವನ ನಿಯಮ. ಹಾಗೆ ನೇತಾಡುವ ಫೋಟೋ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯಲ್ಲಿದೆ. ಅವನು ತೀರಿಕೊಂಡ ದಿನ ಗಿರಾಕಿಗಳೇ ಬಂದು ಅದಕ್ಕೆ ಹಾರ ಹಾಕಿದರು.

ನಿನ್ನೆ ಕ್ಲೈಂಬಿಂಗ್ ಕಲಿಸುವ ಮಾಸ್ತರರು ಬಂದು ಫೋಟೋಗೆ ಕೈಮುಗಿದರು.

"ಎಂಥಾ ಗುಂಡಿಗಿ ಇವರದು! ಇನ್ನ ಮ್ಯಾಲೆ ಹಗ್ಗಕ್ಕ ಯಾರು ಜೋತು ಬೀಳ್ತಾರ?"

"ನಾನ ಬೀಳ್ತೀನ್ರಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅವರಂಥ ಮಾರಿ ಒಂದ ಇದ್ರ ಆತೇನ್ರಿ? ಧೈರ್ಯ ಬ್ಯಾರೆ. ಅವರು ಜೋತು ಬಿದ್ದಿದ್ದ ಹಳೇ ಹಗ್ಗ ಏನರ ಉಳದೈತೇನು?"

"ಒಂದ ಐತ್ರಿ."

ಕೊಟ್ಟೆ. ಅದನ್ನು ಕಣ್ಣಿಗೊತ್ತಿಕೊಂಡು ಹೋದರು.

ಆಮೇಲೆ ನಾನು ಸ್ಟೂಲ್ ಹತ್ತಿ ಹಾರ ಸರಿಮಾಡಿದೆ. ಫೋಟೋದಲ್ಲಿ ನೇತಾಡುತ್ತಿರುವವನು ನಾನು. ಸ್ಟೂಲ್ ಹತ್ತಲೂ ಹೆದರುತ್ತಿದ್ದ ತಮ್ಮ ಹಗ್ಗದ ಇನ್ನೊಂದು ತುದಿ ಹಿಡಿದು ಕೆಳಗೆ ನಿಂತಿದ್ದ, ಫೋಟೋದಲ್ಲಿ ಬಂದಿಲ್ಲ.