ಒಂದು ಮೀಟರ್ ಅರವತ್ತು

ಹೋದ ವರ್ಷ ಮಾರ್ಚ್ ಕೊನೆ, ಬೆಳಗಿನ ಹತ್ತು ಗಂಟೆಯ ಕಾಫಿಯ ಹೊತ್ತು. ಅಳತೆಗೆಂದು ಕಂಪನಿಯಿಂದ ಬಂದಿದ್ದ ಮಲೇನೆ, ಥೋರಾಳ ಮನೆಯ ಪಡುವಣ ಗೋಡೆಗೆ ಕೆಂಪು ಗುರುತು ಹಾಕಿ, "ಒಂದು ಮೀಟರ್ ಅರವತ್ತು ಕಮ್ಮಿ ಬೀಳ್ತಿದೆ," ಎಂದಳು.

ಡೆನ್ಮಾರ್ಕಿನ ಕಡಲಂಚಿನ ಈ ಹಳ್ಳಿಯಲ್ಲಿ ಇಪ್ಪತ್ತಮೂರು ಮನೆಯವರು ಸಂಘ ಕಟ್ಟಿ ನಿಲ್ಲಿಸಿದ ಗಾಳಿಯಂತ್ರಕ್ಕೆ ಆಗಲೇ ಮೂವತ್ತೆಂಟು ವರ್ಷ. ಊರಿನ ಒಂದೇ ಅಂಗಡಿ ಬಾಗಿಲು ತೆರೆದಿದ್ದದ್ದು ಅದರ ವರಮಾನದಿಂದ. ಅದನ್ನು ಇಳಿಸಿ, ಕಂಪನಿಯ ಜೊತೆ ಸೇರಿ, ಅದೇ ಜಾಗದಲ್ಲಿ ನೂರೈವತ್ತು ಮೀಟರ್ ಎತ್ತರದ ಹೊಸದನ್ನು ನಿಲ್ಲಿಸಬೇಕಿತ್ತು. ಯಂತ್ರದ ಎತ್ತರದ ನಾಲ್ಕರಷ್ಟು ದೂರದೊಳಗೆ ವಾಸದ ಮನೆ ಇರಕೂಡದು ಎಂಬುದು ಕಾಯಿದೆ. ಅಂದರೆ ಆರುನೂರು ಮೀಟರ್. ಊರಿಂದಾಚೆ ಒಂಟಿಯಾಗಿದ್ದದ್ದು ಥೋರಾಳ ಮನೆ. ಸಂಘದ ಅಧ್ಯಕ್ಷ ಲಾರಿಟ್ಸ್ ತಾನೇ ಅಳೆದು, ಸರಿಯಾಗಿದೆ ಎಂದು ಬರೆದುಕೊಟ್ಟು ನಾಲ್ಕು ವರ್ಷವಾಗಿತ್ತು.

"ನೀವು ಬಾಗಿಲವರೆಗೆ ಅಳೆದಿದ್ದೀರಿ. ಗೋಡೆವರೆಗೆ ಅಳೀಬೇಕಿತ್ತು," ಎಂದಳು ಮಲೇನೆ, ಜೊತೆಗೆ ಬಂದಿದ್ದ ಲಾರಿಟ್ಸನಿಗೆ.

"ಮನೆ ಅಂದ್ರೆ ಬಾಗಿಲೇ ಅಲ್ವೇನಮ್ಮ? ನಲವತ್ತು ವರ್ಷದಲ್ಲಿ ಒಂದಿನಾನೂ ನಾನು ಗೋಡೆಯಿಂದ ಒಳಗೆ ಹೋದೋನಲ್ಲ," ಎಂದ ಲಾರಿಟ್ಸ್.

"ಯಂತ್ರಾನ ಆಚೆ ಸರಿಸೋಣ ಅಂದ್ರೆ ಆ ಕಡೆ ಹಕ್ಕಿಗಳಿಗೆ ಬಿಟ್ಟ ಜೌಗು. ಕಂಪನಿಯವರು ನಿಮ್ಮ ಮನೆ ಕೊಂಡು ಕೆಡವ್ತಾರೆ, ಥೋರಾ ಅಮ್ಮ. ಒಳ್ಳೆ ಬೆಲೆ ಕೊಡ್ತಾರೆ," ಎಂದಳು ಮಲೇನೆ.

ಥೋರಾಳಿಗೆ ಎಂಬತ್ತು ದಾಟಿತ್ತು. ಹಳೆಯ ಯಂತ್ರಕ್ಕೆ ಮೊದಲ ಸಹಿ ಹಾಕಿದವಳು ಅವಳೇ. ಮೂರು ಕಪ್ಪುಗಳಿಗೂ ಕಾಫಿ ಬಗ್ಗಿಸಿ, "ನಿಮ್ಮ ಗಾಳಿ ಫ್ಯಾನಿಗೆ ನಾನು ಅಡ್ಡ ಬರೋಳಲ್ಲ. ಮನೆ ಬಿಟ್ಟು ಹೋಗೋಳೂ ಅಲ್ಲ. ಒಂದು ಮೀಟರ್ ಅರವತ್ತು ತಾನೇ? ಕತ್ತರಿಸಿ," ಎಂದಳು.

"ಏನನ್ನ?"

"ಮನೇನ."

ಮನೆಯನ್ನು ಮೋಟು ಮಾಡಬಾರದೆಂದು ಕಾಯಿದೆಯಲ್ಲಿ ಎಲ್ಲೂ ಇರಲಿಲ್ಲ. ಮಲೇನೆ ಎರಡು ಸಲ ಓದಿ ನೋಡಿದಳು. ಮೇ ತಿಂಗಳಲ್ಲಿ ಗಾರೆಯವನು ಬಂದು ಪಡುವಣ ಗೋಡೆ ಕೆಡವಿ, ಒಂದು ಮೀಟರ್ ಅರವತ್ತು ಒಳಗೆ ಸರಿಸಿ ಕಟ್ಟಿದ. ಒಂದು ಇಂಚೂ ಹೆಚ್ಚಾಗದಂತೆ ಥೋರಾ ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿದ್ದಳು. ಮಲಗುವ ಕೋಣೆಯಲ್ಲಿ ಮಂಚವನ್ನು ಅಡ್ಡಡ್ಡ ಹಾಕಬೇಕಾಯಿತು. ಬಟ್ಟೆಯ ಬೀರು ಅರ್ಧವೇ ತೆರೆಯುತ್ತಿತ್ತು. ಮಲೇನೆ ಮತ್ತೆ ಅಳೆದಳು. ಸರಿಯಾಗಿ ಆರುನೂರು. ಕಾಗದಪತ್ರ ಮೇಲಿನವರಿಗೆ ಹೋಯಿತು.

ಒಂದು ವರ್ಷ ಕಳೆಯಿತು. ಈ ಮೇ ತಿಂಗಳ ಒಂದು ಗುರುವಾರ ಸಂಘದ ವಾರ್ಷಿಕ ಸಭೆ. ಮೇಜಿನ ಮೇಲೆ ಕಾಫಿ, ಏಳು ಬಗೆಯ ಕೇಕು. ಏಳನ್ನೂ ಎಲ್ಲರೂ ರುಚಿ ನೋಡುವವರೆಗೆ ಸಭೆ ಶುರುವಾಗುವುದಿಲ್ಲ. ಮೊದಲಿಂದ ಬಂದ ಪದ್ಧತಿ. ಮಲೇನೆ ಮೂರು ತಿಂದವಳೇ ಕಾಗದ ಬಿಚ್ಚಿದಳು.

"ಇನ್ನೂ ನಾಲ್ಕು ಬಗೆ ಇದೆ. ತಿನ್ನು ತಾಯಿ," ಎಂದಳು ಥೋರಾ.

ಮಲೇನೆ ತಿಂದಳು. ಆಮೇಲೆ ಹೇಳಿದಳು: "ಅನುಮತಿ ಬಂದಿದೆ. ಆದ್ರೆ ನೂರೈವತ್ತು ಮೀಟರಿನ ಯಂತ್ರ ಮಾಡೋದನ್ನ ಕಂಪನಿ ನಿಲ್ಲಿಸಿದೆ. ಈಗ ಇರೋದ್ರಲ್ಲಿ ನೂರೆಪ್ಪತ್ತೈದೇ ಚಿಕ್ಕದು. ಅದಕ್ಕೆ ಏಳುನೂರು ಮೀಟರ್ ದೂರ ಬೇಕು."

"ಹಾಗಾದ್ರೆ ನನ್ನ ಮನೆ ಇನ್ನೆಷ್ಟು ಕತ್ತರಿಸಬೇಕು?"

"ನೂರು ಮೀಟರ್."

"ಮನೆ ಇರೋದೇ ಹದಿನೇಳು ಮೀಟರ್. ಮಿಕ್ಕ ಎಂಬತ್ತಮೂರು ಎಲ್ಲಿಂದ ತರ್ಲಿ?"

ಯಾರೂ ನಗಲಿಲ್ಲ. ಥೋರಾಳ ಮನೆ ಕೊಂಡು ಕೆಡವಲು ಸಂಘದ ಅರ್ಧಕ್ಕಿಂತ ಹೆಚ್ಚು ಮಂದಿ ಇವತ್ತೇ ಒಪ್ಪಬೇಕು, ಇಲ್ಲವಾದರೆ ಕಂಪನಿ ಈ ಊರನ್ನು ಬಿಟ್ಟು ಸಮುದ್ರದಲ್ಲೇ ಯಂತ್ರ ನಿಲ್ಲಿಸುತ್ತದೆ, ಅಲ್ಲಿ ಯಾರ ಗೋಡೆಯೂ ಇಲ್ಲ ಎಂದಳು ಮಲೇನೆ. ಒಪ್ಪಿಗೆ ಇರುವವರು ಕೈ ಎತ್ತಿ ಎಂದ ಲಾರಿಟ್ಸ್.

ಥೋರಾ ಕೈ ಎತ್ತಿದಳು. ಸುತ್ತ ನೋಡಿದಳು. ಎತ್ತಿದ ಕೈ ಅದೊಂದೇ.

"ಎತ್ರೋ! ನಾನೇ ಹೋಗ್ತೀನಿ ಅಂದ್ಮೇಲೆ ನಿಮಗೇನು ಕಷ್ಟ? ಅಂಗಡಿ ಮುಚ್ಚಿದ್ಮೇಲೆ ಗಾಳಿ ತಿಂತೀರಾ? ಲೋ ಲಾರಿಟ್ಸ್, ನೀನಾದ್ರೂ ಕೈ ಎತ್ತೋ!"

"ಕೈಯಲ್ಲಿ ಕಪ್ಪಿದೆ."

"ಕೆಳಗಿಡು."

"ಕಾಫಿ ಮುಗಿದಿಲ್ಲ, ಥೋರಾ."

ಕಾಫಿ ಮುಗಿದ ಮೇಲೆ ಲಾರಿಟ್ಸ್ ಸಭೆಯ ಪುಸ್ತಕದಲ್ಲಿ ಬರೆದ: ಪರ ಒಂದು. ವಿರುದ್ಧ ಯಾರೂ ಇಲ್ಲ. ಉಳಿದವರು ಕಾಫಿ ಕುಡಿಯುತ್ತಿದ್ದರು.

ಒಪ್ಪಿಗೆ ಸಿಗದೆ ಮಲೇನೆ ಆ ಮಧ್ಯಾಹ್ನವೇ ಹೊರಟಳು. ಥೋರಾ ಮೂರು ವಾರ ಯಾರೊಂದಿಗೂ ಮಾತಾಡಲಿಲ್ಲ. ಇಲ್ಲಿ ಓಡಿಸುವ ಅನುಮತಿಯ ಅವಧಿ ಮುಗಿದಿದ್ದ ಹಳೆಯ ಯಂತ್ರವನ್ನು ಪೋಲೆಂಡಿನವರು ಯಾರೋ ಕೊಂಡರು. ಬಿಚ್ಚಿ ಮೂರು ಲಾರಿಗಳಿಗೆ ಏರಿಸಿದರು. ಲಾರಿಗಳು ಹೋಗುವಾಗ ಥೋರಾ ಹೊರಗೆ ಬಂದು ಲಾರಿಟ್ಸನ ಪಕ್ಕದಲ್ಲಿ ನಿಂತಳು.

"ಒಬ್ಬ ಮುದುಕಿಗೋಸ್ಕರ ಇಡೀ ಊರಿನ ಗಾಳೀನೇ ಕಳ್ಕೊಂಡ್ರಲ್ಲೋ, ಮುಠ್ಠಾಳರಾ," ಎಂದಳು.

ಲಾರಿಟ್ಸ್ ಹೌದೆಂದು ತಲೆಯಾಡಿಸಿದ. ಕೊನೆಯ ಲಾರಿ ತಿರುವು ದಾಟಿ ಹೋದದ್ದು ಜೂನ್ ಹನ್ನೊಂದು, ಬುಧವಾರ.