ಹಳದಿ ಎಲ್ಮ್‌ಗೆ ಒಂದು ಹನಿ

"ಏಯ್, ಆ ಮರ ಮುಟ್ಬೇಡ! ತಲೆ ಕೆಟ್ಟಿದ್ಯಾ ನಿಂಗೆ?" ಫ್ರೌಕೆ ಚಾಕು ಬಿಚ್ಚಿದ್ದನ್ನು ಕಂಡು ಚಿಕ್ಕಪ್ಪ ಡೌವೆ ನರ್ಸರಿಯ ಆ ತುದಿಯಿಂದಲೇ ಕೂಗಿದ.

ಅವಳು ಕೇಳಲಿಲ್ಲ. ಬಂಗಾರದ ಬಣ್ಣದ ಎಲೆ ಬಿಡುವ ಆ ಎಲ್ಮ್ ಮರವನ್ನು ಬೀಜದಿಂದ ಬೆಳೆಸಿದವಳು ಅವಳೇ. ಕಾಲುವೆ ದಂಡೆಯ ಹಳೆಯ ಎಲ್ಮ್‌ಗಳೆಲ್ಲ ಜೀರುಂಡೆ ಹೊತ್ತು ತಂದ ಬೂಸ್ಟಿಗೆ ಒಣಗಿ ಊರೇ ಬೋಳಾಗಿತ್ತು. ಅಲ್ಲಿ ನೆಡಲು ಇದರ ಕಸಿಗಿಡಗಳನ್ನು ಒಯ್ಯಬೇಕೆಂದು ಊರಿನ ಉದ್ಯಾನಗಳ ಮೇಲ್ವಿಚಾರಕಿ ಹಿಸ್ಕೆ ಬಂದು ನಿಂತಿದ್ದಳು. ರೋಗ ತಗಲದ ತಳಿಯೆಂದು ಚಿಕ್ಕಪ್ಪ ಅವಳಿಗೆ ಆಗಲೇ ಆಣೆ ಮಾಡಿ ಹೇಳಿದ್ದ. ಆದರೆ ಮರಕ್ಕೆ ಬೂಸ್ಟು ತಗಲಿಸಿ ನೋಡುವ ಪರೀಕ್ಷೆಯನ್ನೇ ಯಾರೂ ಮಾಡಿರಲಿಲ್ಲ.

"ಚೆಂದದ ಮರಕ್ಕೆ ಯಾರಾದ್ರೂ ವಿಷ ಹಾಕ್ತಾರೇನೇ? ಜನ ಬಣ್ಣ ನೋಡಿ ಒಯ್ತಾರೆ!" ಏದುಸಿರು ಬಿಡುತ್ತ ಬಂದ ಚಿಕ್ಕಪ್ಪ ಮರಕ್ಕೆ ಅಡ್ಡ ನಿಂತ.

"ನೀನು ಹಿಂಗೇ ಹೇಳಿ ಮಾರಿದ ಮರದ ಸಾಲನ್ನೇ ಅಲ್ವಾ ಚಿಕ್ಕಪ್ಪ, ಹೋದ್ವರ್ಷ ರೋಗ ಬಂತೂಂತ ಕಡಿದು ಸುಟ್ಟಿದ್ದು? ಆ ಕಡೆ ಸರಿ."

ಹಿಸ್ಕೆ ಡೌವೆಯ ಮುಖವನ್ನೇ ನೋಡಿದಳು. ಅವನು ತಲೆ ತಗ್ಗಿಸಿ ಪಕ್ಕಕ್ಕೆ ಸರಿದ ಹೊತ್ತಿನಲ್ಲಿ ಫ್ರೌಕೆ ತೊಗಟೆಗೆ ಚಾಕು ಇಳಿಸಿ, ಸೀಸೆಯಲ್ಲಿದ್ದ, ಅದೇ ರೋಗದ ಬೂಸ್ಟು ಕಲೆಸಿದ ನೀರನ್ನು ಗಾಯದೊಳಕ್ಕೆ ಬಿಟ್ಟಳು. ಮರ ಅದನ್ನು ಒಂದೇ ಸಲಕ್ಕೆ ಹೀರಿಕೊಂಡಿತು. ಇನ್ನು ಯಾರೂ ಅದನ್ನು ಹೊರಗೆ ತೆಗೆಯುವಂತಿರಲಿಲ್ಲ.

"ಸತ್ರೆ? ಇಷ್ಟು ವರ್ಷ ಮಗು ಥರ ಸಾಕಿದ್ಯಲ್ಲೇ," ಎಂದ ಚಿಕ್ಕಪ್ಪ.

ಅವಳು ಸೀಸೆಯನ್ನು ಕೆಳಗಿಡಲಿಲ್ಲ. ಮರದ ಇನ್ನೊಂದು ಮಗ್ಗುಲಿಗೆ ಹೋಗಿ ಮತ್ತೆ ಚಾಕು ಊರಿದಳು.

"ಬೇಸಿಗೆ ಮುಗೀಲಿ, ಬಂದು ನೋಡಿ ಹಿಸ್ಕೆ ಅಕ್ಕ," ಎಂದಳು. "ಎಲೆ ನಿಂತಿದ್ರೆ ಕಸಿಗಿಡ ಒಯ್ಯಿರಿ. ಬಾಡಿದ್ರೆ ನಾನೇ ಕಡೀತೀನಿ. ಸುಳ್ಳು ಹೇಳಿ ಮಾತ್ರ ಇದನ್ನ ಬದುಕಿಸಲ್ಲ."